ಹೊಸ ಚಕ್ರವೋ, ಹಳೆಯ ಚಕ್ರವೋ?

ಮೋಟಾರು ಕಾರಿನೊಡನೆ ಬಂದ ಉಕ್ಕಿನ ಚಕ್ರಗಳನ್ನು ಕಳಚಿ, ಹೊಳೆಯುವ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳನ್ನು ಹಾಕಿಸಬೇಕೆಂಬ ಆಸೆ ಇಂದು ಅನೇಕರಿಗಿದೆ. ಹೊಸದರ ಬೆಲೆಯನ್ನು ಕೇಳಿದೊಡನೆ ಮನಸ್ಸು ಗುಜರಿ ಅಂಗಡಿಯತ್ತ ಹರಿಯುತ್ತದೆ. ಲೋಹವೇನು ಹಣ್ಣಲ್ಲವಲ್ಲ, ಕೊಳೆಯುವುದಕ್ಕೆ. ಬಣ್ಣ ಬಳಿದರೆ ಹೊಸದೇ ಅಲ್ಲವೆ ಎಂದು ಅಲ್ಲಿ ಸಮಾಧಾನವೂ ದೊರೆಯುತ್ತದೆ. ಈ ಮಾತನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಲೋಹ ಕೊಳೆಯುವುದಿಲ್ಲ, ನಿಜ. ಆದರೆ ಅದು ದಣಿಯುತ್ತದೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ಬಗ್ಗಿಸಿದರೆ ತುಂಡಾಗುತ್ತದೆ. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 19ನೆಯ ಶತಮಾನದ ಮಧ್ಯದಲ್ಲಿ ರೈಲುಗಾಡಿಯ ಅಚ್ಚುಗಳ ಮೇಲೆ ಪ್ರಯೋಗಗಳನ್ನು ನಡೆಸಿ ಈ ದಣಿವನ್ನು ಕ್ರಮಬದ್ಧವಾಗಿ ಅಳೆದನು. ಕಾರಿನ ಚಕ್ರದ ಪಾಡೂ ಇದೇ. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಎಂದಿಟ್ಟುಕೊಂಡರೆ, 50,000 ಕಿಲೋಮೀಟರ್ ಓಡಿದ ಚಕ್ರವು 2.5 ಕೋಟಿ ಸುತ್ತು ಸುತ್ತಿರುತ್ತದೆ. ಪ್ರತಿ ಸುತ್ತಿನಲ್ಲಿಯೂ ಅದರ ಒಂದೊಂದು ಭಾಗವೂ ಭಾರವನ್ನು ಹೊತ್ತು ಇಳಿಸಿರುತ್ತದೆ.

ಇಲ್ಲಿ ಉಕ್ಕಿಗೂ ಅಲ್ಯೂಮಿನಿಯಂಗೂ ಭೇದವುಂಟು. ಒಂದು ಮಿತಿಗಿಂತ ಕಡಿಮೆಯಾದ ಒತ್ತಡವನ್ನು ಉಕ್ಕು ಬಹುಮಟ್ಟಿಗೆ ಎಷ್ಟು ಬಾರಿಯಾದರೂ ತಾಳಬಲ್ಲದು. ಅಲ್ಯೂಮಿನಿಯಂಗೆ ಅಂತಹ ಸ್ಪಷ್ಟವಾದ ಮಿತಿಯಿಲ್ಲ. ಅಲ್ಲದೆ, ಗುಂಡಿಗೆ ಬಿದ್ದ ಉಕ್ಕಿನ ಚಕ್ರವು ಸಾಮಾನ್ಯವಾಗಿ ಬಾಗಿ ತನ್ನ ದೋಷವನ್ನು ತೋರಿಸಿಕೊಡುತ್ತದೆ. ಎರಕದ ಅಲ್ಯೂಮಿನಿಯಂ ಚಕ್ರವಾದರೋ ಬಿರುಕು ಬಿಡಬಹುದು. ಕೂದಲೆಳೆಯಂತಹ ಆ ಬಿರುಕನ್ನು ಮುಚ್ಚಲು ಒಂದು ಕೈ ಬಣ್ಣ ಸಾಕು. ಚಕ್ರದ ಬಲವು ಬಹುವಾಗಿ ತಯಾರಿಕೆಯ ಕಾಲದಲ್ಲಿ ಕೊಟ್ಟ ಉಷ್ಣೋಪಚಾರದಿಂದ ಬಂದಿರುವುದುಂಟು. ಸೊಟ್ಟಗಾದುದನ್ನು ಕಾಯಿಸಿ ನೆಟ್ಟಗೆ ಮಾಡಿದರೆ, ಇಲ್ಲವೆ ಬೆಸುಗೆ ಹಾಕಿದರೆ, ಆ ಬಲ ಕುಂದುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ತಿಳಿಯುವುದೆಂತು?

ಹಳೆಯದನ್ನು ಬಳಸುವುದು ಮಿತವ್ಯಯವಲ್ಲವೆ ಎಂದು ವಾಚಕರು ಕೇಳಬಹುದು. ಮಿತವ್ಯಯವನ್ನು ನಾವೂ ಗೌರವಿಸುತ್ತೇವೆ. ಹಳೆಯದೆಲ್ಲವೂ ಕೆಟ್ಟದ್ದೆಂಬುದೂ ನಮ್ಮ ವಾದವಲ್ಲ. ಚಕ್ರದ ಪೂರ್ವಚರಿತ್ರೆ ಬಲ್ಲವರಿಂದ ಕೊಂಡು, ಬಣ್ಣ ತೆಗೆಸಿ, ಬಿರುಕಿನೊಳಕ್ಕೆ ಇಳಿಯುವ ವರ್ಣದ್ರವದಿಂದ ಪರೀಕ್ಷಿಸಿ, ಓಲಾಡದೆ ತಿರುಗುವುದೇ ಎಂದು ನೋಡಿಕೊಂಡರೆ ಅಪಾಯ ಬಹಳಷ್ಟು ತಗ್ಗುತ್ತದೆ. ಆದರೂ ಮೇಲ್ಮೈಗೆ ಬಾರದ ಬಿರುಕು ಆ ದ್ರವಕ್ಕೆ ಸಿಕ್ಕದು. ಹೊಸದೆಂಬ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವುದೂ ಸಲ್ಲದು: ಬೋಲ್ಟಿನ ರಂಧ್ರಗಳ ವೃತ್ತ, ನಡುವಿನ ತೂತು, ಹೊರಬಲ್ಲ ಭಾರ ಇವು ಕಾರಿಗೆ ಹೊಂದಬೇಕು, ಪರೀಕ್ಷೆಗೆ ಒಳಗಾದುದೆಂಬ ಗುರುತೂ ಇರಬೇಕು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಪರೀಕ್ಷಿತವಾದ ಹೊಸ ಮಿಶ್ರಲೋಹದ ಚಕ್ರಕ್ಕೆ ಹಣ ಸಾಲದವರು ಚರಿತ್ರೆಯರಿಯದ ಹಳೆಯದಕ್ಕೆ ಕೈಚಾಚದೆ, ಕಾರಿನೊಡನೆ ಬಂದ ಉಕ್ಕಿನ ಚಕ್ರವನ್ನೇ ಉಳಿಸಿಕೊಳ್ಳುವುದು ಮೇಲು. ಅಂದಕ್ಕೆ ಕೊಂಚ ಕೊರತೆಯಾದೀತು, ಅಷ್ಟೆ. ಗುಜರಿಯ ಅಲ್ಯೂಮಿನಿಯಂ ವ್ಯರ್ಥವಾಗುವುದೆಂಬ ಚಿಂತೆಯೂ ಬೇಡ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 5 ಪಾಲು ಪ್ರತಿಶತ ಸಾಕು, ಹಳೆಯದನ್ನು ಕರಗಿಸುವುದಕ್ಕೆ. ದಣಿದ ಲೋಹಕ್ಕೆ ಕುಲುಮೆಯೇ ಮರುಹುಟ್ಟು, ಬಣ್ಣದ ಡಬ್ಬಿಯಲ್ಲ.