ಗುಣವೃಕ್ಷವೂ ನಾಲ್ಕು ಗುಣಗಳೂ

ಹಡಗಿನ ಕೂವೆಮರಕ್ಕೆ ಅಮರಕೋಶದಲ್ಲಿ ‘ಗುಣವೃಕ್ಷಕ’ವೆಂಬ ಹೆಸರುಂಟು. ಗುಣವೆಂದರೆ ಇಲ್ಲಿ ಶೀಲವಲ್ಲ, ಹಗ್ಗ. ಪಂದ್ಯದ ಪುಟ್ಟ ಹಾಯಿದೋಣಿಯಲ್ಲಿ ಈ ಗುಣಗಳನ್ನು ಯಾವಾಗ ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎಂಬುದೇ ಈ ತಿಂಗಳ ವಿಚಾರ.

ಲೇಸರ್ ಎಂಬ ದೋಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆನಡಾ ದೇಶದ ಬ್ರೂಸ್ ಕರ್ಬಿ ಎಂಬವರು ರೂಪಿಸಿದ ಈ ದೋಣಿಯು 1971ರಲ್ಲಿ ಮಾರಾಟಕ್ಕೆ ಬಂದಿತು. ಈಗ ಐಎಲ್‌ಸಿಎ ಎಂದು ಹೆಸರಾಗಿದೆ. ಉದ್ದ ಸುಮಾರು 14 ಅಡಿ, ನಡೆಸುವವರು ಒಬ್ಬರೇ. 5.76 ಚದರ ಮೀಟರಿನ ಹಾಯಿಯುಳ್ಳ ಬಗೆಯಲ್ಲಿ ಚೆನ್ನೈನ ನೇತ್ರಾ ಕುಮನನ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. ಒಲಿಂಪಿಕ್ ಹಾಯಿಪಂದ್ಯಕ್ಕೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ ಅವರೇ. ಪಂದ್ಯದಲ್ಲಿ ಎಲ್ಲರ ದೋಣಿಯೂ ಒಂದೇ ಅಳತೆಯದು. ಆದುದರಿಂದ ಭೇದವೆಲ್ಲ ನಡೆಸುವವರ ಕೈಯಲ್ಲಿಯೇ ಉಂಟು.

ಗಾಳಿ ಹೆಚ್ಚಿದಷ್ಟೂ ವೇಗ ಹೆಚ್ಚುವುದೆಂದು ದಡದಲ್ಲಿ ನಿಂತವರು ಎಣಿಸುವುದುಂಟು. ಹಾಗಲ್ಲ. ಹಾಯಿಯು ಉಬ್ಬಿದಷ್ಟೂ ಬಲ ಬರುವುದು ನಿಜ. ಆ ಬಲವೇ ದೋಣಿಯನ್ನು ಪಕ್ಕಕ್ಕೆ ವಾಲಿಸುವುದು. ಅದನ್ನು ತಡೆಯಲು ಇರುವುದು ಅಂಚಿನಾಚೆಗೆ ಮೈಚಾಚಿ ಕುಳಿತವರ ದೇಹದ ಭಾರವೊಂದೇ. ವಾಲಿದ ದೋಣಿಯ ನಡೆ ಕುಂದುವುದು. ಮತ್ತೂ ವಾಲಿದರೆ ಮಗುಚುವುದು. ನೀರಿನ ನಡುವೆ ದೇಹದ ಭಾರವನ್ನು ಹೆಚ್ಚಿಸಲಾಗದು. ಹಾಯಿಯ ಉಬ್ಬನ್ನು ತಗ್ಗಿಸಬಹುದು. ಹಗುರ ಮೈಯವರು ದಪ್ಪ ಮೈಯವರನ್ನು ಸರಿಗಟ್ಟುವ ಉಪಾಯವಿದೇ.

ಇದಕ್ಕೆ ಸಾಧನಗಳು ನಾಲ್ಕು ಹಗ್ಗಗಳು. ಮೊದಲನೆಯದು ಮೇನ್‌ಶೀಟ್, ಸದಾ ಕೈಯಲ್ಲಿದ್ದು, ಹಾಯಿಯ ತಳದ ಅಡ್ಡಗೋಲನ್ನು ಒಳಕ್ಕೆಳೆಯುವುದು, ಹೊರಕ್ಕೆ ಬಿಡುವುದು. ಎರಡನೆಯದು ವ್ಯಾಂಗ್, ಅಡ್ಡಗೋಲು ಮೇಲಕ್ಕೇಳದಂತೆ ಅದನ್ನು ಕೂವೆಮರದ ಬುಡಕ್ಕೆ ಬಿಗಿಯುವುದು. ಲೇಸರಿನ ಕೂವೆಮರಕ್ಕೆ ಆಧಾರದ ತಂತಿಗಳಿಲ್ಲ. ಹಾಯಿಯ ಮುಂಭಾಗವನ್ನು ಚೀಲದಂತೆ ಅದಕ್ಕೆ ತೊಡಿಸಿರುವರು. ಆದುದರಿಂದ ವ್ಯಾಂಗನ್ನು ಬಿಗಿದರೆ ಮರವು ಬಿಲ್ಲಿನಂತೆ ಬಾಗಿ, ಬಟ್ಟೆಯನ್ನು ಮುಂದಕ್ಕೆ ಸೆಳೆದು, ಉಬ್ಬನ್ನು ಇಳಿಸುವುದು. ಮೂರನೆಯದು ಕನಿಂಗ್‌ಹ್ಯಾಮ್, 1958ರಲ್ಲಿ ಕೊಲಂಬಿಯಾ ನೌಕೆಯನ್ನು ನಡೆಸಿ ಅಮೆರಿಕಾಸ್ ಕಪ್ ಗೆದ್ದ ಬ್ರಿಗ್ಸ್ ಕನಿಂಗ್‌ಹ್ಯಾಮರ ಹೆಸರು ಅದಕ್ಕೆ ನಿಂತಿದೆ. ಇದು ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆಳೆದು, ಹಿಂದೆ ಸರಿದ ಉಬ್ಬನ್ನು ಮುಂದಕ್ಕೆ ತರುವುದು. ನಾಲ್ಕನೆಯದು ಔಟ್‌ಹಾಲ್; ಹಿಂದಿನ ಮೂಲೆಯನ್ನು ಅಡ್ಡಗೋಲಿನ ತುದಿಗೆ ಎಳೆದು ಹಾಯಿಯ ಕೆಳಭಾಗವನ್ನು ಚಪ್ಪಟೆ ಮಾಡುವುದು.

ಗಾಳಿ ಬೀಸುವ ಕಡೆಗೆ ಓರೆಯಾಗಿ ಸಾಗುವಾಗ ಕ್ರಮ ಹೀಗೆ: ಮಧ್ಯಮ ಗಾಳಿಯಲ್ಲಿ ಅಡ್ಡಗೋಲಿಗೂ ಬಟ್ಟೆಗೂ ನಡುವೆ ಹೆಚ್ಚೆಂದರೆ ಒಂದು ಗೇಣು ಅಂತರವಿರಲಿ. ಮೈಯನ್ನು ಪೂರ್ಣವಾಗಿ ಚಾಚಿದರೂ ದೋಣಿ ವಾಲತೊಡಗಿದರೆ ವ್ಯಾಂಗ್, ಕನಿಂಗ್‌ಹ್ಯಾಮ್, ಔಟ್‌ಹಾಲ್ ಮೂರನ್ನೂ ಬಿಗಿಯತಕ್ಕದ್ದು. ಹಾಗೆ ಮಾಡದೆ ಮೇನ್‌ಶೀಟನ್ನು ಮಾತ್ರ ಬಿಟ್ಟರೆ ಅಡ್ಡಗೋಲು ಮೇಲೆದ್ದು, ಮರ ನೆಟ್ಟಗಾಗಿ, ಹಾಯಿ ಮತ್ತಷ್ಟು ಉಬ್ಬುವುದು. ತೀರ ಮಂದ ಗಾಳಿಯಲ್ಲಿಯೂ ಅತಿಯಾದ ಉಬ್ಬು ಸಲ್ಲದು. ಏತಕ್ಕೆಂದರೆ ದುರ್ಬಲ ಗಾಳಿಯು ಆಳವಾದ ತಿರುವಿಗೆ ಅಂಟಿಕೊಂಡು ಹರಿಯಲಾರದು. ಗುರುತಿನ ಬುರುಡೆಯನ್ನು ಸುತ್ತಿ ಗಾಳಿಯೊಡನೆ ಹೊರಟಾಗ ಬಿಗಿದುದನ್ನು ಸಡಿಲಿಸಬೇಕು. ಮರೆತರೆ ಅಡ್ಡಗೋಲಿನ ತುದಿ ನೀರನ್ನು ತಾಕಿ ದೋಣಿಯನ್ನು ಕೆಡಹುವ ಭಯವುಂಟು.

ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವ ತಾಯಿತಂದೆಗಳು ಅವರ ತೋಳಿನ ಬಲವನ್ನು ಕುರಿತು ಚಿಂತಿಸಬೇಕಾದುದಿಲ್ಲ. ಈಜೂ ಜೀವರಕ್ಷಕ ಅಂಗಿಯೂ ಮೊದಲು. ನೀರಿನ ಮೇಲೆ ಗಾಳಿ ಬರುವುದನ್ನು ಕಾಣುವ ಕಣ್ಣು ಅನಂತರ. ಹಗ್ಗದ ಪಾಠ ಆಮೇಲೆ.