ಟಿಕೆಟ್ ಫ್ರೀ ಸರಿ, ವಾಪಸ್ ಬಸ್ ಎಷ್ಟೊತ್ತಿಗೆ?

ತುಮಕೂರು: ಗುಬ್ಬಿಯಿಂದ ಒಬ್ಬಳೇ ಹೊರಟ ಹೆಣ್ಣುಮಗಳು ತುಮಕೂರಿನಲ್ಲಿ ಬಸ್ ಬದಲಿಸಿ, ಕುಣಿಗಲ್ ದೊಡ್ಡಕೆರೆ ನೋಡಿ, ಎಡೆಯೂರು ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಊರಿಗೆ ಮರಳಿದರೆ ಬಸ್ ಚಾರ್ಜು ಸೊನ್ನೆ. 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆಯ ಅನುಕೂಲ ಇದು. ಆದರೆ ಸಾಮಾನ್ಯ ಇಲ್ಲವೇ ಎಕ್ಸ್‌ಪ್ರೆಸ್ ಬಸ್ಸೇ ಆಗಬೇಕು. ರಾಜಹಂಸ, ಎಸಿ ಬಸ್‌ಗೆ ಇಲ್ಲ. ಗಂಡಸರು ಮಾತ್ರ 2025ರ ಜನವರಿ 5ರಿಂದ ಶೇ 15 ಏರಿದ ದರ ಕೊಡಬೇಕು.

ಗಡಿ ದಾಟಿದರೆ ಲೆಕ್ಕವೇ ಬೇರೆ. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಜಾರಿಯಲ್ಲಿದೆ. ಆದರೆ ಅದು ಅಲ್ಲಿನ ಗುರುತಿನ ಚೀಟಿ ಇದ್ದವರಿಗಷ್ಟೇ. ಪಾವಗಡದ ಹೆಂಗಸು ಹಿಂದೂಪುರದಲ್ಲಿ ಅನಂತಪುರದ ಬಸ್ ಹತ್ತಿದರೆ ಪರ್ಸ್ ತೆಗೆಯಲೇಬೇಕು. ಎರಡೂ ಕಡೆ ಫ್ರೀ, ಆದರೆ ಅವರವರ ಊರಲ್ಲಿ ಮಾತ್ರ.

ಇದರಲ್ಲಿ ಅಂಗಡಿಯವರಿಗೇನು? ಉಳಿದ ಟಿಕೆಟ್ ಕಾಸು ತಟ್ಟೆ ಇಡ್ಲಿಗೋ, ಹೂವಿಗೋ, ಬಳೆಗೋ ಖರ್ಚಾಗಬೇಕಾದರೆ ಆಕೆ ಊರಲ್ಲಿ ಎರಡು ಗಂಟೆಯಾದರೂ ನಿಲ್ಲಬೇಕು. ಕೊನೇ ಬಸ್ ಸಿಗುತ್ತೋ ಇಲ್ವೋ ಅನ್ನೋ ಅನುಮಾನ ಇದ್ದರೆ ಯಾರು ನಿಲ್ಲುತ್ತಾರೆ? ಒಂಟಿಯಾಗಿ ಬಂದವರು ಮೊದಲು ಹುಡುಕೋದು ಶುಚಿಯಾದ ಶೌಚಾಲಯ, ಆಮೇಲೆ ಬೆಳಕಿರೋ ಬಸ್ ನಿಲ್ದಾಣ. ಅವೆರಡೂ ಇಲ್ಲದಿದ್ದರೆ ಜನ ಬಸ್ ಬದಲಿಸಿ ಮುಂದಕ್ಕೆ ಹೋಗ್ತಾರೆ, ಪೇಟೆ ಕಡೆ ತಿರುಗಿಯೂ ನೋಡಲ್ಲ.

ಹಾಗಾಗಿ ಗುಬ್ಬಿ, ಕುಣಿಗಲ್ ವರ್ತಕರು ಕೇಳಬೇಕಾದ್ದು ಹೊಸ ಯೋಜನೆಯನ್ನಲ್ಲ. ಸಂಜೆಯ ಬಸ್ ವೇಳೆ ನಿಲ್ದಾಣದಲ್ಲಿ ದೊಡ್ಡದಾಗಿ ಬರೆದಿರಲಿ, ಬರೆದ ಹೊತ್ತಿಗೆ ಬಸ್ಸೂ ಬರಲಿ. ಪೇಟೆಗೆ ಗಿರಾಕಿ ತರುವುದು ಅದೇ.