ಮಗು ಮಿಸುಕುತ್ತಿಲ್ಲ ಎಂದರೆ ಕೇಳುವವರು ಯಾರು?

‘ತಿಂಗಳು ತುಂಬುತ್ತ ಬಂದ ಹಾಗೆ ಮಗು ಮಿಸುಕುವುದು ಕಡಿಮೆಯಾಗುತ್ತೆ, ಒಳಗೆ ಜಾಗ ಎಲ್ಲಿರುತ್ತೆ?’ ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಧೈರ್ಯ ಹೇಳಲೆಂದು ಆಡುವ ಮಾತಿದು. ಉದ್ದೇಶ ಒಳ್ಳೆಯದೇ, ಮಾತು ಮಾತ್ರ ತಪ್ಪು. ಕೊನೆಯ ವಾರಗಳಲ್ಲಿ ಮಿಸುಕಾಟದ ರೀತಿ ಬದಲಾಗಬಹುದು, ಜೋರಾಗಿ ಒದೆಯುತ್ತಿದ್ದ ಮಗು ಹೊರಳತೊಡಗಬಹುದು. ಆದರೆ ಹೆರಿಗೆಯವರೆಗೂ ಅದು ಮಿಸುಕುತ್ತಲೇ ಇರಬೇಕು. ಕಡಿಮೆಯಾಯಿತೆಂದರೆ, ಮಾಸಿನ ಮೂಲಕ ಸಾಕಷ್ಟು ಆಮ್ಲಜನಕ ಸಿಗದೆ ಮಗು ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತಿರಬಹುದು. ತಡಮಾಡದೆ ಪರೀಕ್ಷೆಯಾಗಬೇಕು. ‘ಬೆಳಿಗ್ಗೆ ನೋಡೋಣ’ ಎನ್ನುವ ಒಂದು ರಾತ್ರಿಯಲ್ಲಿ ಎದೆಬಡಿತವೇ ನಿಂತುಹೋಗಬಹುದು.

‘ಬಚ್ಚಾ ಹಿಲ್ತಾ ನೈ ಅಮ್ಮೀ’ ಎಂದು ಸೊಸೆ ಹೇಳಿದಾಗ ಏನಾಗುತ್ತದೆ? ಸಕ್ಕರೆ ನೀರು ಕುಡಿದು ಮಲಗು ಎನ್ನುತ್ತಾರೆ. ಮಗ ಅಂಗಡಿ ಮುಚ್ಚಿ ಬರಲಿ ಎನ್ನುತ್ತಾರೆ. ಈ ಹೊತ್ತಿನಲ್ಲಿ ಗಂಡು ಡಾಕ್ಟರೇ ಇದ್ದರೆ ಎಂದು ಅಳುಕುತ್ತಾರೆ. ಜೀವಕ್ಕೆ ಅಪಾಯವಿರುವಾಗ ಗಂಡು ವೈದ್ಯರು ನೋಡಲು ಶರೀಅತ್ತಿನ ಅಡ್ಡಿಯಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಬೇಲೂರು ರಸ್ತೆಯಿಂದ ಒಳಗಿರುವ ದೊಡ್ಡಗದ್ದವಳ್ಳಿಯಂಥ ಹಳ್ಳಿಯಿಂದಲೂ ಹಾಸನದ ದೊಡ್ಡಾಸ್ಪತ್ರೆಗೆ ಹೆಚ್ಚೆಂದರೆ 20 ಕಿಲೋಮೀಟರು. 2008ರಿಂದ 108 ಆಂಬುಲೆನ್ಸ್ ಇದೆ. ರಸ್ತೆಗಿಂತ ಉದ್ದದ ದಾರಿ ಅಡುಗೆಮನೆಯಿಂದ ಹೊಸ್ತಿಲವರೆಗಿನದು.

ಹೊಸ್ತಿಲು ದಾಟಿದ ಮೇಲೂ ಕೆಲವು ಕಡೆ ಸಿಗುವುದು ಅದೇ ಉತ್ತರ: ‘ಚೊಚ್ಚಲು ತಾನೇ, ಅದಕ್ಕೇ ಗಾಬರಿ.’ ಉರ್ದು ಮಾತ್ರ ಬಲ್ಲ ಹೆಣ್ಣಾದರೆ ಅಷ್ಟನ್ನೂ ಕೇಳಿಸಿಕೊಳ್ಳುವವರಿಲ್ಲ. ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಫ್ರಾನ್ಸಿನ ಪಿನಾರ್ 1895ರಲ್ಲಿ ರೂಪಿಸಿದ ಕಹಳೆಯಂಥ ಕೊಳವೆ, ಇಲ್ಲವೇ ಕೈಯಲ್ಲಿ ಹಿಡಿಯುವ ಡಾಪ್ಲರ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಸಹಜ ಹೆರಿಗೆಯಲ್ಲಿ ನೋವು ಬಲಿತಾಗ 15ರಿಂದ 30 ನಿಮಿಷಕ್ಕೊಮ್ಮೆ, ಮಗು ಹೊರಬರುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಎದೆಬಡಿತ ಕೇಳಬೇಕು. ಕೊಳವೆ ಅಗ್ಗ, ಅದಕ್ಕೆ ಕಿವಿಗೊಡಲು ಬಿಡುವಿರುವ ನರ್ಸ್ ಬೇಕು, ಆಕೆಗೆ ಸರ್ಕಾರ ಸಂಬಳ ಕೊಡಬೇಕು. 2019ರಲ್ಲಿ ಜಗತ್ತಿನಲ್ಲಿ ಸುಮಾರು 20 ಲಕ್ಷ ಮಕ್ಕಳು ಸತ್ತೇ ಹುಟ್ಟಿದವು, ಅವುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಹೆರಿಗೆನೋವಿನ ವೇಳೆಯಲ್ಲೇ ಸತ್ತವು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಉಳ್ಳವರ ಮೌಢ್ಯ ಬೇರೆ ಬಗೆಯದು. ‘ಹೋದ ವಾರ ಸ್ಕ್ಯಾನಿಂಗ್ ನಾರ್ಮಲ್ ಬಂದಿತ್ತು’ ಎಂದು ಕೂರುತ್ತಾರೆ. ಅದು ಹೋದ ವಾರದ ಸುದ್ದಿ. ಡಾಪ್ಲರ್ ಕೊಂಡು ಮನೆಯಲ್ಲೇ ಕೇಳುತ್ತಾರೆ. ಕೇಳಿಸಿದ್ದು ತಾಯಿಯ ನಾಡಿಯೂ ಆಗಿರಬಹುದು. ನಿಮಿಷಕ್ಕೆ 110ರಿಂದ 160 ಬಾರಿಯ ಸಹಜ ಬಡಿತವೇ ಕೇಳಿಸಿದರೂ ಮಗು ಕ್ಷೇಮವೆಂದು ಅದೊಂದರಿಂದ ಹೇಳಲಾಗದು.

ತಾಯಂದಿರಿಗೆ ಇದನ್ನೆಲ್ಲ ಹೇಳಿದರೆ ಸುಮ್ಮನೆ ಭಯ, ಸಿಸೇರಿಯನ್ ಹೆಚ್ಚುತ್ತದೆ ಎನ್ನುವ ವೈದ್ಯರಿದ್ದಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರನ್ನೊಳಗೊಂಡು ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತಿಳಿವಳಿಕೆಯಿಂದ ಸಾವು ಗಮನಾರ್ಹವಾಗಿ ಇಳಿಯಲಿಲ್ಲ ಎಂಬುದೂ ನಿಜ. ಆದರೆ ಅಲ್ಲಿ ಬಂದವಳನ್ನು ಪರೀಕ್ಷಿಸುವ ವ್ಯವಸ್ಥೆ ಮೊದಲೇ ಇತ್ತು. ನಮ್ಮವಳು ಬರುವುದೇ ಕಷ್ಟ, ಬಂದರೆ ವಾಪಸು ಕಳಿಸುತ್ತಾರೆ. ಅವರ ಲೆಕ್ಕವನ್ನು ನಮ್ಮ ಉದಾಸೀನಕ್ಕೆ ನೆಪ ಮಾಡಿಕೊಳ್ಳುವುದು ನ್ಯಾಯವಲ್ಲ.

ಕೊನೆಗೆ ಮಗು ಸತ್ತು ಹುಟ್ಟಿದಾಗ ‘ಅಲ್ಲಾಹನ ಮರ್ಜಿ’ ಎಂದು ಎಲ್ಲರ ಬಾಯಿ ಮುಚ್ಚಿಸಲಾಗುತ್ತದೆ. ತಕ್ದೀರಿನ ಮೇಲೆ ನನಗೂ ಈಮಾನ್ ಇದೆ. ಕಳೆದುಕೊಂಡ ತಾಯಿಗೆ ಸಬ್ರ್ ದೊಡ್ಡ ಆಸರೆ. ಆದರೆ ಒಂಟೆ ಕಟ್ಟಿಹಾಕದವನಿಗೆ ತವಕ್ಕುಲ್ ಮಾತಾಡುವ ಹಕ್ಕಿಲ್ಲ. ಮಗು ಅಮಾನತ್, ಅದನ್ನು ಹೊತ್ತವಳು ಎಚ್ಚರಿಸಿದರೂ ಕೇಳದವರು ಜವಾಬು ಕೊಡಬೇಕಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 28 ವಾರ ತುಂಬಿ ಸತ್ತು ಹುಟ್ಟಿದ ಮಗುವನ್ನೂ ದಾಖಲಿಸಬೇಕು. ಕತ್ತಲಲ್ಲಿ ದಫನ್ ಮಾಡಿ ಸುಮ್ಮನಾದರೆ ಆ ಮಗು ಲೆಕ್ಕಕ್ಕೇ ಸಿಗುವುದಿಲ್ಲ. ಲೆಕ್ಕವಿಲ್ಲದ ಸಾವಿಗೆ ವಿಚಾರಣೆಯೂ ಇಲ್ಲ.

ಮಿಸುಕಾಟ ಕಡಿಮೆಯಾಗಿದೆ ಎಂದು ಬಂದವಳನ್ನು ಎದೆಬಡಿತ ಕೇಳದೆ, ಪೂರ್ತಿ ಪರೀಕ್ಷಿಸದೆ ಯಾವ ಆಸ್ಪತ್ರೆಯೂ ಕಳಿಸಕೂಡದು. ಆಶಾ ಕಾರ್ಯಕರ್ತೆಯರು ಈ ಎಚ್ಚರಿಕೆಯನ್ನು ಗರ್ಭಿಣಿಯ ಜೊತೆ ಅತ್ತೆಗೂ ಹೇಳಲಿ. ಜುಮಾ ಬಯಾನಿನಲ್ಲಿ ಇಮಾಮರು ಗಂಡಸರಿಗೆ ಹೇಳಲಿ. ಮೊಹಲ್ಲಾ ಕಮಿಟಿಗಳು ರಾತ್ರಿಗೊಂದು ವಾಹನ ಸಿದ್ಧವಿಡಲಿ. ಮಗುವಿನ ಸಂಕಟ ಮೊದಲು ಗೊತ್ತಾಗುವುದು ತಾಯಿಗೆ. ಅವಳು ಹೇಳಿದಾಗ ಎದ್ದು ಹೊರಡಿ.